ಸಂಚಿ ಹಿಡಿದ ಕೈ, ಸೂಜಿ ಹಿಡಿದ ಕೈ

ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಅರಸರ ಪಿತೃಸ್ಮರಣೆಯನ್ನು ಹೊತ್ತು ನಿಂತ ಊರುಗಳು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ತಮ್ಮ ತಂದೆಯ ನೆನಪಿಗಾಗಿ ಕಟ್ಟಿಸಿದರು. ಹಿಂದೆ ಅರಿಕುಠಾರ ಎನಿಸಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಚಾಮರಾಜ ಒಡೆಯರ ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವೂ ಎದ್ದಿತು. ತಂದೆಯರ ನೆನಪು ಹೀಗೆ ಕಲ್ಲಿನಲ್ಲಿ ಉಳಿಯಿತು. ಹೆಣ್ಣುಮಕ್ಕಳ ನೆನಪು ಉಳಿದದ್ದು ಎಲ್ಲಿ?

ಉತ್ತರದ ಒಂದು ತುಣುಕು ಇದೇ ಜಿಲ್ಲೆಯ ಯಳಂದೂರಿನಲ್ಲಿದೆ. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಯಳಂದೂರಿನವಳು. ಅವಳು ಸಾಂಗತ್ಯದಲ್ಲಿ ಬರೆದ 'ಹದಿಬದೆಯ ಧರ್ಮ' ಒಂಬತ್ತು ಸಂಧಿಗಳ ಕೃತಿ. ಅದರ ಬಹುಭಾಗ ಪತಿವ್ರತೆಯ ಕರ್ತವ್ಯವನ್ನೇ ಬೋಧಿಸುತ್ತದೆ. ಆದರೆ ನಡುವೆ ಕವಯಿತ್ರಿಯ ದನಿ ಬದಲಾಗುತ್ತದೆ: ಹೆತ್ತವಳೂ ಹೊರೆದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹೀಗಳೆಯುವುದೇಕೆ ಎಂದು ಅವಳು ಕೇಳುತ್ತಾಳೆ. ಬೋಧನೆ ಮತ್ತು ಪ್ರತಿಭಟನೆ ಒಂದೇ ಕೃತಿಯಲ್ಲಿವೆ. ಹೊನ್ನಮ್ಮನನ್ನು ಇಂದಿನ ಅರ್ಥದ ಸ್ತ್ರೀವಾದಿ ಎನ್ನುವುದು ತಪ್ಪಾದೀತು. ಆ ಬಿರುಕನ್ನು ಕಾಣದಿರುವುದೂ ತಪ್ಪೇ. ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿ 1991ರಲ್ಲಿ ಹೊರತಂದ ಭಾರತೀಯ ಮಹಿಳಾ ಬರಹದ ಸಂಕಲನದಲ್ಲಿ ಅವಳಿಗೂ ಸ್ಥಾನ ದೊರೆಯಿತು.

ಚಿತ್ರ, ಶಿಲ್ಪಗಳ ಲೋಕದಲ್ಲೂ ಇಂಥದೇ ಶೋಧ ನಡೆಯಿತು. ಮಹಾನ್ ಕಲಾವಿದೆಯರು ಏಕೆ ಇಲ್ಲ ಎಂದು ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1971ರಲ್ಲಿ ಕೇಳಿದರು. ಕೊರತೆ ಪ್ರತಿಭೆಯದಲ್ಲ, ಶಿಕ್ಷಣ ಮತ್ತು ಪ್ರೋತ್ಸಾಹದ ಬಾಗಿಲುಗಳು ಮುಚ್ಚಿದ್ದವು ಎಂಬುದು ಅವರ ವಾದ. 1979ರಲ್ಲಿ ಪ್ರದರ್ಶನಗೊಂಡ ಜೂಡಿ ಚಿಕಾಗೊ ಅವರ 'ದಿ ಡಿನ್ನರ್ ಪಾರ್ಟಿ'ಯಲ್ಲಿ ತ್ರಿಕೋನಾಕಾರದ ಮೇಜಿನ ಸುತ್ತ 39 ಮಹಿಳೆಯರಿಗೆ ಎಲೆ ಹಾಕಿದಂತೆ ಸ್ಥಾನ ಕಲ್ಪಿಸಲಾಗಿದೆ. ನೆಲದ ಮೇಲೆ ಇನ್ನೂ 999 ಹೆಸರುಗಳಿವೆ. ಕಸೂತಿ, ಪಿಂಗಾಣಿಯ ಮೇಲಿನ ಚಿತ್ರ ಮುಂತಾಗಿ 'ಹೆಂಗಸರ ಕೈಕೆಲಸ' ಎನಿಸಿದ್ದುದೇ ಅಲ್ಲಿ ಕಲೆಯ ಮಾಧ್ಯಮ.

ಕರ್ನಾಟಕದಲ್ಲಿ ಈ ಎಳೆ ಬೇರೆ ರೀತಿಯಲ್ಲಿ ಮುಂದುವರಿಯಿತು. ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡ ಮೊದಲು ತೈಲವರ್ಣದ ಕಲಾವಿದೆ. 1990ರ ದಶಕದಲ್ಲಿ ಅವರು ಸಗಣಿ, ಕುಂಕುಮ, ದಾರಗಳತ್ತ ಹೊರಳಿದರು. ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಒಟ್ಟುಗೂಡಿಸಿ, ಕುಂಕುಮ ಬಳಿದು ಕೆಂಪು ಹಗ್ಗದಂತೆ ಹಬ್ಬಿಸಿದ 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಆ ಕಾಲದ ಕೃತಿ. ಅಲ್ಲಿ ಘೋಷಣೆಯಿಲ್ಲ, ಮಂಗಳದ್ರವ್ಯವೇ ನೆತ್ತರಿನಂತೆ ಕಾಣುತ್ತದೆ. ಬೆಂಗಳೂರಿನ ಎನ್. ಪುಷ್ಪಮಾಲಾ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲೆಯೊಂದನ್ನು ರೂಪಿಸಿದರು. ಮನೆಮನೆಯ ಗೋಡೆಯ ಮೇಲಿದ್ದ ರವಿವರ್ಮನ ಲಕ್ಷ್ಮಿಯ ವೇಷವನ್ನು ಅದರಲ್ಲಿ ತಾವೇ ಧರಿಸಿದರು. ಗಂಡಸು ಬರೆದ ಚಿತ್ರದೊಳಗೆ ಹೆಣ್ಣೇ ನಿಂತು ನೋಡುಗನನ್ನು ದಿಟ್ಟಿಸಿದಾಗ ಚಿತ್ರದ ಅರ್ಥವೇ ಬದಲಾಗುತ್ತದೆ.

ಹೊನ್ನಮ್ಮನೂ ಇದನ್ನೇ ಮಾಡಿದವಳು: ತನಗೆ ದೊರೆತ ಧರ್ಮಬೋಧೆಯ ಚೌಕಟ್ಟಿನೊಳಗೆ ನಿಂತು ತನ್ನ ಮಾತನ್ನೂ ಸೇರಿಸಿದಳು. ಸ್ತ್ರೀವಾದ ಕಲೆಗೆ ಕಲಿಸಿದ ಮುಖ್ಯ ಪಾಠವೆಂದರೆ ಕೃತಿಯೊಂದರ ಎದುರು ಇದನ್ನು ಯಾರು ಮಾಡಿದರು, ಯಾರ ಹೆಸರು ಉಳಿಯಿತು ಎಂದು ಕೇಳುವುದು. ಗುಂಡ್ಲುಪೇಟೆಯ ಗುಡಿಯ ಮುಂದೆ ನಿಂತವರಿಗೂ ಈ ಪ್ರಶ್ನೆ ಸಲ್ಲುತ್ತದೆ.