ಟೀಂ ಇಂಡಿಯಾದ ‘ರಘು’ ಶೂ ಒರೆಸುವವರೇ? ಫಾರ್ವರ್ಡ್‌ನಲ್ಲಿ ಇಲ್ಲದ ಥ್ರೋಡೌನ್ ವಿಷಯ

ಮಳೆ ನಿಂತ ಮೈದಾನ. ಬೌಂಡರಿ ಗೆರೆಯ ಆಚೆ ಒಬ್ಬರು ಕೈಯಲ್ಲಿ ಬ್ರಷ್ ಹಿಡಿದು ಓಡಾಡುತ್ತಿದ್ದಾರೆ. ಕೆಳಗೆ ಉದ್ದನೆಯ ಬರಹ: ಕುಮಟಾದ ಹುಡುಗ, ಜೇಬಿನಲ್ಲಿ 21 ರೂಪಾಯಿ, ಬಸ್ ಸ್ಟ್ಯಾಂಡಿನಲ್ಲಿ ನಿದ್ದೆ, ಇವತ್ತು ಟೀಂ ಇಂಡಿಯಾದಲ್ಲಿ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಗ್ರೂಪಿನಿಂದ ಹಿಡಿದು ಊರಿನ ಗೆಳೆಯರ ಗ್ರೂಪಿನವರೆಗೆ ಈ ಫಾರ್ವರ್ಡ್ ಸುತ್ತದ ಜಾಗವಿಲ್ಲ. ಕೆಲವರು ಹೆಮ್ಮೆಯಿಂದ ಕಳಿಸುತ್ತಾರೆ, ಕೆಲವರು ‘ಕನ್ನಡಿಗನ ಕೈಯಲ್ಲಿ ಶೂ ಒರೆಸಿಸುತ್ತಾರಲ್ಲ’ ಎಂದು ಸಿಟ್ಟಿನಿಂದ. ಈ ಎರಡೂ ಬಗೆಯ ಮೆಸೇಜಿನಲ್ಲಿ ಅವರು ದಿನವೂ ಮಾಡುವ ಕೆಲಸ ಏನೆಂಬುದೇ ಇರುವುದಿಲ್ಲ.

ಮೊದಲು ಆ ಬ್ರಷ್ ವಿಷಯ. ಫೋಟೊ ನಿಜ. ಅದು 2022ರ ನವೆಂಬರ್ 2ರಂದು ಅಡಿಲೇಡ್‌ನಲ್ಲಿ ನಡೆದ ಟಿ20 ವಿಶ್ವಕಪ್‌ನ ಭಾರತ–ಬಾಂಗ್ಲಾದೇಶ ಪಂದ್ಯದ್ದು. ಮಳೆ ಬಂದಾಗ ಬಾಂಗ್ಲಾದೇಶ 7 ಓವರ್‌ಗಳಲ್ಲಿ ವಿಕೆಟ್ ಕಳೆದುಕೊಳ್ಳದೆ 66 ರನ್ ಮಾಡಿ ಮುಂದಿತ್ತು. ಆಟ ಮತ್ತೆ ಶುರುವಾದಾಗ ಹುಲ್ಲು ಒದ್ದೆ. ಶೂವಿನ ಸ್ಪೈಕ್‌ಗಳ ನಡುವೆ ಕೆಸರು, ಹುಲ್ಲು ಮೆತ್ತಿಕೊಂಡರೆ ಸ್ಪೈಕ್ ನೆಲಕ್ಕೆ ಕಚ್ಚುವುದಿಲ್ಲ, ಓಡುವವರು ಜಾರುತ್ತಾರೆ. ಅದೇ ಪಂದ್ಯದಲ್ಲಿ ಲಿಟನ್ ದಾಸ್ ರನ್ ಓಡುವಾಗ ಜಾರಿದ್ದರು, ಬಳಿಕ ಕೆ.ಎಲ್. ರಾಹುಲ್ ಅವರ ನೇರ ಎಸೆತಕ್ಕೆ ರನ್ ಔಟ್ ಆದರು. ಭಾರತ ಗೆದ್ದದ್ದು ಬರೀ 5 ರನ್‌ಗಳಿಂದ. ಅಂಥ ದಿನ ಫೀಲ್ಡರ್ ಕಾಲು ಜಾರದಂತೆ ನೋಡಿಕೊಳ್ಳುವುದರಲ್ಲಿ ಅವಮಾನ ಹುಡುಕುವುದು ಯಾಕೋ ತಿಳಿಯದು. ಆದರೆ ಅದು ಅವರ ಕೆಲಸದ ತೀರಾ ಚಿಕ್ಕ ಭಾಗ.

ಅಸಲಿ ಕೆಲಸ ಯಾವುದು?

ರಾಘವೇಂದ್ರ ದಿವಗಿ, ತಂಡದವರ ಬಾಯಲ್ಲಿ ‘ರಘು’, ಉತ್ತರ ಕನ್ನಡದ ಕುಮಟಾದವರು. ಅವರು ಥ್ರೋಡೌನ್ ಸ್ಪೆಷಲಿಸ್ಟ್. ಅಂದರೆ ನೆಟ್ಸ್‌ನಲ್ಲಿ ಬ್ಯಾಟರ್‌ಗಳಿಗೆ ವೇಗದ ಎಸೆತಗಳನ್ನು ಗಂಟೆಗಟ್ಟಲೆ ಎಸೆದು ಅಭ್ಯಾಸ ಮಾಡಿಸುವವರು. ಹುಬ್ಬಳ್ಳಿಗೆ ಹೋದದ್ದು, ಅಲ್ಲಿಂದ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್, ಆಮೇಲೆ ಕರ್ನಾಟಕ ರಣಜಿ ತಂಡದ ನೆಟ್ಸ್, ಆಗ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2011ರ ಸುಮಾರಿಗೆ ಭಾರತ ತಂಡ: ಪತ್ರಿಕೆಗಳಲ್ಲಿ ಬಂದಿರುವ ಅವರ ದಾರಿ ಇದು. 21 ರೂಪಾಯಿಯ ಲೆಕ್ಕಕ್ಕಿಂತ ಈ ದಾರಿಯೇ ಹೆಚ್ಚು ಹೇಳುತ್ತದೆ.

ಅವರು ತಂಡಕ್ಕೆ ಬಂದ ಮೇಲೆ ಕೋಚ್‌ಗಳು ಎಷ್ಟು ಮಂದಿ ಬದಲಾದರು ನೋಡಿ: ಡಂಕನ್ ಫ್ಲೆಚರ್, ಅನಿಲ್ ಕುಂಬ್ಳೆ, ರವಿ ಶಾಸ್ತ್ರಿ, ರಾಹುಲ್ ದ್ರಾವಿಡ್, ಗೌತಮ್ ಗಂಭೀರ್. 2020ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ತಮೀಮ್ ಇಕ್ಬಾಲ್ ಜೊತೆ ಆನ್‌ಲೈನ್‌ನಲ್ಲಿ ಮಾತನಾಡುತ್ತಾ ವಿರಾಟ್ ಕೊಹ್ಲಿ, 2013ರಿಂದ ಈಚೆಗೆ ವೇಗದ ಬೌಲಿಂಗ್ ಎದುರು ಭಾರತದ ಬ್ಯಾಟಿಂಗ್ ಸುಧಾರಿಸಿದ್ದಕ್ಕೆ ರಘು ಕಾರಣ ಎಂದರು. ನೆಟ್ಸ್‌ನಲ್ಲಿ ಅವರ ಎಸೆತ ಆಡಿ ಪಂದ್ಯಕ್ಕೆ ಹೋದರೆ ಚೆಂಡು ಆಡಲು ತುಂಬಾ ಸಮಯ ಇದ್ದಂತೆ ಅನಿಸುತ್ತದೆ ಎಂಬುದು ಅವರ ವಿವರಣೆ. 2023ರ ಜನವರಿಯಲ್ಲಿ ತಿರುವನಂತಪುರದಲ್ಲಿ ಶ್ರೀಲಂಕಾವನ್ನು 317 ರನ್‌ಗಳಿಂದ ಸೋಲಿಸಿದ ಬಳಿಕ ಕೊಹ್ಲಿ ಮತ್ತು ಶುಭಮನ್ ಗಿಲ್, ರಘು ಜೊತೆಗೆ ದಯಾನಂದ ಗರಾನಿ, ಶ್ರೀಲಂಕಾದ ನುವಾನ್ ಸೇನೆವಿರತ್ನೆ ಅವರನ್ನೂ ಕ್ಯಾಮೆರಾ ಮುಂದೆ ಕರೆದು ಪರಿಚಯಿಸಿದ್ದರು.

‘155 ಕಿ.ಮೀ. ವೇಗದಲ್ಲಿ ಎಸೆಯುತ್ತಾರೆ, ಬುಮ್ರಾಗಿಂತ ಫಾಸ್ಟ್, ಹಾಗಿದ್ದರೆ ತಂಡದಲ್ಲಿ ಯಾಕೆ ಆಡಿಸಲ್ಲ?’

ಇದು ಎರಡನೇ ಫಾರ್ವರ್ಡ್. ಉತ್ತರ ಅವರ ಕೈಯಲ್ಲಿರುವ ಕೋಲಿನಲ್ಲಿದೆ. ಸೈಡ್‌ಆರ್ಮ್ ಎನ್ನುವ ಇದು ಉದ್ದ ಹಿಡಿಯ, ತುದಿಯಲ್ಲಿ ಚೆಂಡು ಕೂರುವ ಬಟ್ಟಲಿರುವ ಪ್ಲಾಸ್ಟಿಕ್ ಸಾಧನ. ಪಾರ್ಕಿನಲ್ಲಿ ನಾಯಿಗೆ ಚೆಂಡು ಎಸೆಯಲು ಬಳಸುವ ಕೋಲನ್ನು ನೋಡಿದ್ದೀರಲ್ಲ, ಅದರ ಅಣ್ಣ ಎನ್ನಿ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದರ ವಿಜ್ಞಾನ ಹೇಳಿಕೊಡಬೇಕಿಲ್ಲ. ಭುಜದಿಂದ ಚೆಂಡಿನವರೆಗಿನ ದೂರ ಹೆಚ್ಚಾದಷ್ಟೂ, ತೋಳು ಅದೇ ವೇಗದಲ್ಲಿ ತಿರುಗಿದರೂ ತುದಿಯ ವೇಗ ಹೆಚ್ಚು. ದೂರ ಒಂದೂವರೆ ಪಟ್ಟಾದರೆ ತುದಿಯ ವೇಗವೂ ಒಂದೂವರೆ ಪಟ್ಟು. ಕೋಲು ಹಿಡಿದಾಗ ತೋಳು ತುಸು ನಿಧಾನವಾಗುತ್ತದೆ, ಆದರೂ ಲಾಭವೇ. ಪಂದ್ಯದಲ್ಲಿ ಇದಕ್ಕೆ ಅವಕಾಶವಿಲ್ಲ. ಅಲ್ಲಿ ಬರಿಗೈಯಲ್ಲಿ ಬೌಲ್ ಮಾಡಬೇಕು, ಅದೂ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗದಂತೆ. ಹಾಗಾಗಿ ಬುಮ್ರಾ ಜೊತೆಗಿನ ಹೋಲಿಕೆಗೆ ಅರ್ಥವಿಲ್ಲ.

ಇನ್ನೊಂದು ಲೆಕ್ಕವಿದೆ. ಬೌಲರ್ ಕಡೆಯ ಕ್ರೀಸಿನಿಂದ ಬ್ಯಾಟರ್ ಕ್ರೀಸಿಗೆ 17.68 ಮೀಟರ್. 150 ಕಿ.ಮೀ. ವೇಗದ ಚೆಂಡು ಇಷ್ಟು ದೂರ ಬರಲು ಸುಮಾರು 0.42 ಸೆಕೆಂಡ್. ಎಸೆಯುವವರು ಎರಡು ಮೀಟರ್ ಮುಂದೆ ಬಂದು ನಿಂತರೆ, 133 ಕಿ.ಮೀ. ವೇಗದ ಚೆಂಡೂ ಅಷ್ಟೇ ಹೊತ್ತಿನಲ್ಲಿ ಬ್ಯಾಟರ್ ಬಳಿ ಇರುತ್ತದೆ. ಸ್ಪೀಡ್ ಗನ್ ಏನೇ ತೋರಿಸಲಿ, ಬ್ಯಾಟರ್‌ಗೆ ಸಿಕ್ಕಿದ್ದು 150ರ ಅನುಭವ.

‘ಬೌಲಿಂಗ್ ಮೆಷಿನ್ ಇದ್ದ ಮೇಲೆ ಮನುಷ್ಯ ಯಾಕೆ’ ಎಂದೂ ಕೇಳುತ್ತಾರೆ. ಮೆಷಿನ್‌ನಲ್ಲಿ ಚೆಂಡು ತೂತಿನಿಂದ ಹಠಾತ್ತನೆ ಹೊರಬೀಳುತ್ತದೆ. ಒಳ್ಳೆಯ ಬ್ಯಾಟರ್ ಚೆಂಡಿಗೂ ಮೊದಲು ಓದುವುದು ತೋಳನ್ನು, ಮಣಿಕಟ್ಟನ್ನು, ಕೈಬಿಡುವ ಎತ್ತರವನ್ನು. ಸೈಡ್‌ಆರ್ಮ್ ಎಸೆತದಲ್ಲಿ ಈ ಸುಳಿವುಗಳು ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಸಿಗುತ್ತವೆ. ಸೀಮ್ ನೇರ ಇಟ್ಟು ಸ್ವಿಂಗ್ ಮಾಡಬಹುದು, ಒಂದು ಯಾರ್ಕರ್, ಮುಂದಿನದು ಬೌನ್ಸರ್ ಎಂದು ಬದಲಾಯಿಸಬಹುದು. ತಂಡದ ಅಸಲಿ ವೇಗಿಗಳಿಗೆ ವಿಶ್ರಾಂತಿಯೂ ಸಿಗುತ್ತದೆ. ಅವರು ಪ್ರತಿ ಎಸೆತದಲ್ಲಿ ಮುಂಗಾಲು ಊರುವಾಗ ದೇಹದ ತೂಕದ ಹಲವು ಪಟ್ಟು ಹೊರೆ ಆ ಕಾಲಿನ ಮೇಲೆ ಬೀಳುತ್ತದೆ. ನೆಟ್ಸ್‌ನಲ್ಲೇ ಅದನ್ನು ಖರ್ಚು ಮಾಡಿದರೆ ಪಂದ್ಯಕ್ಕೆ ಉಳಿಯುವುದಿಲ್ಲ.

ತೆರೆಮರೆಯ ತಜ್ಞರು

ಬರೀ ಒಂದು ವಿಭಾಗಕ್ಕೇ ಮೀಸಲಾದ ಕೋಚ್ ಕ್ರಿಕೆಟ್‌ಗೆ ಮಾತ್ರ ಸೇರಿದ್ದಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಒದೆಯುವ, ಒದ್ದ ಚೆಂಡನ್ನು ಹಿಡಿದು ಓಡುವ ಸಂದರ್ಭಗಳಿಗೇ ‘ಸ್ಪೆಷಲ್ ಟೀಮ್ಸ್’ ಕೋಚ್ ಇರುತ್ತಾರೆ. ಜಾನ್ ಹಾರ್ಬಾ 1998ರಿಂದ 2006ರವರೆಗೆ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ ಈ ಕೆಲಸದಲ್ಲಿದ್ದವರು. 2008ರಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಮುಖ್ಯ ಕೋಚ್ ಆಗಿ, 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು. ನಮ್ಮಲ್ಲಿ ಇದಕ್ಕೆ ಹತ್ತಿರದ ಹುದ್ದೆ ಫೀಲ್ಡಿಂಗ್ ಕೋಚ್. 2014ರಿಂದ 2021ರವರೆಗೆ ಭಾರತದಲ್ಲಿ ಆ ಕೆಲಸ ಮಾಡಿದ ಆರ್. ಶ್ರೀಧರ್ ಹುಟ್ಟಿದ್ದು ಮೈಸೂರಿನಲ್ಲಿ. ಥ್ರೋಡೌನ್‌ನವರ ಸ್ಥಾನ ಇನ್ನೂ ಒಂದು ಮೆಟ್ಟಿಲು ಕೆಳಗೆ, ಸ್ಕೋರ್‌ಕಾರ್ಡಿನಲ್ಲಿ ಹೆಸರೇ ಬರದ ಜಾಗ. ದುಡ್ಡಿನ ಮಾತಿಗೆ ಬಂದರೆ, 2024ರ ಟಿ20 ವಿಶ್ವಕಪ್ ಗೆದ್ದಾಗ ಬಿಸಿಸಿಐ ಘೋಷಿಸಿದ 125 ಕೋಟಿ ರೂ. ಬಹುಮಾನದಲ್ಲಿ ಥ್ರೋಡೌನ್ ತಜ್ಞರಿಗೆ ತಲಾ 2 ಕೋಟಿ ಎಂದು ಪತ್ರಿಕೆಗಳು ವರದಿ ಮಾಡಿದ್ದವು.

ಮಕ್ಕಳಿಗೆ ಸೈಡ್‌ಆರ್ಮ್ ತರಿಸುವ ಮೊದಲು

ರಘು ಅವರ ವಿಡಿಯೊ ನೋಡಿ ಆನ್‌ಲೈನ್‌ನಲ್ಲಿ ಸೈಡ್‌ಆರ್ಮ್ ತರಿಸಿ, ಭಾನುವಾರ ಟರ್ಫ್‌ನಲ್ಲಿ ಮಗನಿಗೆ ಎಸೆಯುವ ಅಪ್ಪಂದಿರು ಇದನ್ನು ಗಮನವಿಟ್ಟು ಓದಬೇಕು. 2025ರ ಅಕ್ಟೋಬರ್ ಕೊನೆಯಲ್ಲಿ ಮೆಲ್ಬರ್ನ್‌ನಲ್ಲಿ 17 ವರ್ಷದ ಹುಡುಗನೊಬ್ಬ ನೆಟ್ಸ್‌ನಲ್ಲಿ ಸೈಡ್‌ಆರ್ಮ್ ಎಸೆತ ಕುತ್ತಿಗೆಗೆ ಬಡಿದು ತೀರಿಕೊಂಡ. ಅವನು ಹೆಲ್ಮೆಟ್ ಹಾಕಿದ್ದ, ಕುತ್ತಿಗೆ ಕಾಯುವ ನೆಕ್ ಗಾರ್ಡ್ ಇರಲಿಲ್ಲ. ಈ ಸಾಧನದ ತೊಂದರೆಯೆಂದರೆ, ವೇಗ ಮೊದಲ ದಿನವೇ ಕೈಗೆ ಬರುತ್ತದೆ, ಹಿಡಿತ ಬರಲು ತುಂಬಾ ಕಾಲ ಬೇಕು. ಬೇಗ ಕೈಬಿಟ್ಟರೆ ಚೆಂಡು ನೆಲಕ್ಕೆ ಬಡಿಯದೆ ಸೀದಾ ಎದೆ, ಮುಖದ ಎತ್ತರಕ್ಕೆ ಹೋಗುತ್ತದೆ. ಹೊಸಬರು ಖಾಲಿ ನೆಟ್‌ಗೆ ಎಸೆದು ಕಲಿಯಲಿ. ಆಮೇಲೂ ಕೆಲವು ವಾರ ಟೆನಿಸ್ ಬಾಲ್ ಸಾಕು. ಲೆದರ್ ಬಾಲ್ ಹಿಡಿದ ದಿನ ಬ್ಯಾಟ್ ಮಾಡುವ ಮಗುವಿಗೆ ಹೆಲ್ಮೆಟ್ ಜೊತೆ ನೆಕ್ ಗಾರ್ಡ್ ಕೂಡ ಬೇಕು. ಆಸ್ಟ್ರೇಲಿಯಾದ ವೃತ್ತಿಪರ ಆಟಗಾರರಿಗೇ ವೇಗದ ಬೌಲಿಂಗ್ ಎದುರು ಅದು 2023ರ ಅಕ್ಟೋಬರ್‌ನಿಂದ ಕಡ್ಡಾಯ. ಎಸೆಯುವವರಿಗೂ ಹೆಲ್ಮೆಟ್ ಇರಲಿ, ಏಕೆಂದರೆ ಹತ್ತಿರ ನಿಂತವರತ್ತ ನೇರವಾಗಿ ಹೊಡೆದ ಚೆಂಡು ತಪ್ಪಿಸಿಕೊಳ್ಳಲು ಸಮಯವನ್ನೇ ಕೊಡುವುದಿಲ್ಲ.