ಪದ್ಯ ಉಳಿಯಿತು, ಹಾಸ್ಯ ಹೋಯಿತು: ಸಾಂಗ್ಲಿಗೆ ಹೋದ ಕರ್ಕಿ ಮೇಳ

ಕೊಲ್ಲೂರು ದಾರಿಯ ಮಾರಣಕಟ್ಟೆಯಿಂದ ಹೊರಡುವ ಮೇಳಗಳು ಇವತ್ತಿಗೂ ಹತ್ತನಾವಧಿಯವರೆಗೆ ಊರೂರು ತಿರುಗಿ ಹರಕೆ ಆಟ ಆಡುತ್ತವೆ. ಇದೇ ಕರಾವಳಿಯ ಇನ್ನೊಂದು ತಿರುಗಾಟದ ಮೇಳ 1842ರ ಸುಮಾರಿಗೆ ಘಟ್ಟ ಹತ್ತಿ ಸಾಂಗ್ಲಿಯವರೆಗೆ ಹೋಗಿತ್ತು. ಅದು ಶರಾವತಿಯಾಚೆಯ ಹೊನ್ನಾವರ ತಾಲೂಕಿನ ಕರ್ಕಿಯದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಆಟ ನೋಡಿದ ಅರಸ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು, ಮರಾಠಿಯಲ್ಲೂ ಇಂಥದ್ದೊಂದು ಆಗಲಿ, ಆದರೆ ಇನ್ನಷ್ಟು ನಯವಾಗಿರಲಿ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಹಾಗೆ ಹುಟ್ಟಿದ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂದ 1843ರ ನವೆಂಬರ್ 5ನ್ನು ನೆನೆದು ಮಹಾರಾಷ್ಟ್ರ ಈಗಲೂ ರಂಗಭೂಮಿ ದಿನ ಆಚರಿಸುತ್ತದೆ.

ಇಷ್ಟು ಎಲ್ಲರೂ ಹೇಳುವ ಕಥೆ. ಸಾಂಗ್ಲಿಯ ಸಭೆಯನ್ನು ನಗಿಸಿದ ಮಾತು ಮಾತ್ರ ಯಾವ ಪುಸ್ತಕಕ್ಕೂ ಏರಲಿಲ್ಲ. ಕಾರಣ ಯಕ್ಷಗಾನದ ಬರವಣಿಗೆಯ ಕ್ರಮದಲ್ಲೇ ಇದೆ. ತಾಳೆಗರಿಯ ಪ್ರಸಂಗವಾಗಲಿ, ಮುಂದೆ ಉಡುಪಿಯಲ್ಲಿ ಪಾವಂಜೆ ಗುರುರಾವ್ ಅವರು ಪ್ರಕಟಿಸಿದ ಪ್ರಸಂಗ ಪುಸ್ತಕವಾಗಲಿ, ಅದರಲ್ಲಿರುವುದು ಭಾಗವತರು ಹಾಡುವ ಪದ್ಯ, ರಾಗತಾಳದ ಹೆಸರು. ಅರ್ಥವೆಲ್ಲ ವೇಷಧಾರಿಯ ಬಾಯಲ್ಲಿ. ರಾಜವೇಷಕ್ಕೆ ಪದ್ಯದ ಆಸರೆಯಾದರೂ ಉಂಟು, ಹಾಸ್ಯಗಾರನಿಗೆ ಎಷ್ಟೋ ಕಡೆ ಅದೂ ಇಲ್ಲ. ‘ಭೀಷ್ಮ ವಿಜಯ’ದಲ್ಲಿ ಅಂಬೆಯನ್ನು ಸಾಲ್ವನಲ್ಲಿಗೆ ಕರೆದೊಯ್ಯುವ ಮುದುಕ ಬ್ರಾಹ್ಮಣನನ್ನೇ ನೋಡಿ. ಕೋಲೂರಿಕೊಂಡು ಬರುತ್ತಾನೆ, ಕಾಲುನೋವು ತೋಡಿಕೊಳ್ಳುತ್ತಾನೆ, ಊಟದ ಸುದ್ದಿ ತೆಗೆಯುತ್ತಾನೆ, ಭಾಗವತರನ್ನೇ ಮಾತಿಗೆಳೆಯುತ್ತಾನೆ. ರಾಜಕುಮಾರಿಯ ಗ್ರಾಂಥಿಕ ಕನ್ನಡಕ್ಕೆ ಕುಂದಗನ್ನಡದಲ್ಲಿ ಉತ್ತರ ಕೊಡುತ್ತಾನೆ. ಪುಸ್ತಕದಲ್ಲಿ ನಾಲ್ಕು ಸಾಲಿಗೆ ಮುಗಿಯುವ ದಾರಿ ರಂಗಸ್ಥಳದಲ್ಲಿ ಮುಗಿಯುವುದೇ ಇಲ್ಲ. ಮಾರನೆಯ ರಾತ್ರಿ ಬೇರೆ ಊರು, ಬೇರೆ ಮಾತು.

ಭಾವೆಯವರ ಆಟದ ಕಟ್ಟೂ ಹೀಗೆಯೇ ಇತ್ತು. ಸೂತ್ರಧಾರ ಹಾಡುತ್ತಿದ್ದ, ಪಾತ್ರಗಳು ಮಾತನ್ನು ಅಲ್ಲಲ್ಲೇ ಕಟ್ಟುತ್ತಿದ್ದವು. ಮಂಗಳಾಚರಣೆ ಮುಗಿದದ್ದೇ ಎಲೆಸೊಪ್ಪು ಸುತ್ತಿಕೊಂಡ ವಿದೂಷಕ ಬಂದು ಸೂತ್ರಧಾರನ ಕಾಲೆಳೆಯುತ್ತಿದ್ದ. ಆಮೇಲೆ ಗಣಪತಿ, ನವಿಲೇರಿದ ಸರಸ್ವತಿ. ನಮ್ಮ ಪೂರ್ವರಂಗದ ಕೋಡಂಗಿ ವೇಷ ಕಂಡವರಿಗೆ ಇದರ ತವರು ಹೇಳಬೇಕಿಲ್ಲ. ವಿದೂಷಕನ ಹೆಸರು ಸಂಸ್ಕೃತ ನಾಟಕದ್ದು, ಕೆಲಸ ಹಾಸ್ಯಗಾರನದು ಎಂದೇ ನನ್ನ ಅಭಿಪ್ರಾಯ. 1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡ ಮೇಲೆ ಭಾವೆಯವರ ತಂಡವೂ ತಿರುಗಾಟಕ್ಕಿಳಿಯಿತು, 1853ರಲ್ಲಿ ಮುಂಬೈಯ ಗ್ರಾಂಟ್ ರೋಡ್ ಥಿಯೇಟರಿನಲ್ಲಿ ಟಿಕೆಟ್ ಇಟ್ಟು ಆಡಿತು. 1885ರಲ್ಲಿ ಅಚ್ಚಾದ ಅವರ ‘ನಾಟ್ಯಕವಿತಾಸಂಗ್ರಹ’ದಲ್ಲಿ ಮತ್ತೆ ಪದ್ಯಗಳೇ. ವಿದೂಷಕನ ಮಾತು ಅಲ್ಲೂ ಕೈಬಿಟ್ಟುಹೋಯಿತು.

ಕರಾವಳಿಯ ಆಟ ಒರಟಾಗಿತ್ತು, ಸಾಂಗ್ಲಿಯಲ್ಲಿ ಅದಕ್ಕೆ ಸಂಸ್ಕಾರ ಸಿಕ್ಕಿತು ಎಂಬ ಧಾಟಿಯನ್ನು ಸ್ವಲ್ಪ ಅನುಮಾನಿಸಬೇಕು. ತೇರದಾಳ, ಶಿರಹಟ್ಟಿಯಂಥ ಕನ್ನಡ ಊರುಗಳನ್ನು ಆಳುತ್ತಿದ್ದ ದರ್ಬಾರಿಗೆ ಕನ್ನಡ ಹೊಸದಲ್ಲ. ಆದರೆ ಕರಾವಳಿಯ ಆಡುಮಾತಿನ ಕೊಂಕು ಘಟ್ಟದ ಮೇಲೆ ಎಷ್ಟು ದಾಟೀತು? ಮಾತು ದಾಟದಿದ್ದರೆ ನೋಡುವವನಿಗೆ ಉಳಿಯುವುದು ಹಿಮ್ಮೇಳದ ಸದ್ದು, ವೇಷದ ಕುಣಿತ.

ಕರ್ಕಿ ಮೇಳವನ್ನು ನಡೆಸಿಕೊಂಡು ಬಂದ ಮನೆತನ ಹಾಸ್ಯಗಾರರದು. ಬಡಾಬಡಗಿನ ಆ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಹಾಸ್ಯದ ಕ್ರಮವನ್ನು ಭಾವೆಯವರ ವಿದೂಷಕನ ಪಕ್ಕ ಇಟ್ಟು ನೋಡುವ ಕೆಲಸ ಆಗಬೇಕು. ನಡುವೆ ಸೇರಿದ ಕಂಪನಿ ನಾಟಕದ, ಸಿನಿಮಾದ ಮಾತನ್ನು ಮೊದಲು ಜರಡಿ ಹಿಡಿದು.