ಬೆಂಗೇರಿಯ ಸದ್ದು

ಊರುಗಳ ಚರಿತ್ರೆಯನ್ನು ಬರೆಯುವವರು ಶಿಲಾಶಾಸನಗಳನ್ನೂ ಕೋಟೆಕೊತ್ತಲಗಳನ್ನೂ ಶೋಧಿಸುವರಲ್ಲದೆ, ಆ ಊರು ಯಾವ ಕಾಲದಲ್ಲಿ ಹೇಗೆ ಸದ್ದು ಮಾಡುತ್ತಿದ್ದಿತೆಂಬದನ್ನು ವಿಚಾರಿಸುವದು ಅಪರೂಪ. ಆದರೆ ಜನರ ಆರೋಗ್ಯಕ್ಕೂ ಊರಿನ ಸದ್ದಿಗೂ ನಿಕಟವಾದ ಸಂಬಂಧವುಂಟು. ಹುಬ್ಬಳ್ಳಿಯೊಳಗೆ ಬೆರೆತುಹೋಗಿರುವ ಬೆಂಗೇರಿಯು ಇದಕ್ಕೆ ನಿದರ್ಶನವಾಗಬಲ್ಲದು.

ಹುಬ್ಬಳ್ಳಿಯು ಹಿಂದಿನಿಂದಲೂ ಅರಳೆಯ ಪೇಟೆ. ಚಕ್ಕಡಿ, ಕೈಮಗ್ಗ, ಗುಡಿಯ ಗಂಟೆ ಇವು ಅದರ ಹಳೆಯ ನಾದಗಳು. 1885ರಲ್ಲಿ ಸದರ್ನ್ ಮರಾಠಾ ರೇಲ್ವೆಯ ಕಾರ್ಖಾನೆಯು ಸ್ಥಾಪಿತವಾದಂದಿನಿಂದ ಕಬ್ಬಿಣವು ಕಬ್ಬಿಣವನ್ನು ಬಡಿಯುವ ಸದ್ದು ಊರನ್ನು ಹೊಕ್ಕಿತು. ಅದರ ಮರುವರ್ಷವೇ, ಅತ್ತ ಗ್ಲಾಸ್ಗೋ ನಗರದಲ್ಲಿ, ಥಾಮಸ್ ಬಾರ್ ಎಂಬ ಕರ್ಣವೈದ್ಯನು ಬಾಯ್ಲರು ಕಟ್ಟುವ 100 ಜನ ಕೆಲಸಗಾರರನ್ನು ಪರೀಕ್ಷಿಸಿ, ಅವರಲ್ಲೊಬ್ಬನ ಕಿವಿಯೂ ನೆಟ್ಟಗಿಲ್ಲವೆಂದು ಪ್ರಕಟಿಸಿದನು. ತಾಮ್ರ ಬಡಿಯುವವರು ಕಿವುಡರಾಗುವರೆಂದು ಇಟಲಿಯ ರಾಮಜ್ಜಿನಿಯು 1700ರಷ್ಟು ಹಿಂದೆಯೇ ಬರೆದಿದ್ದನು. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವದಿಲ್ಲ. ಕೆಲಸ ಬಿಟ್ಟರೂ ಕಿವುಡು ಬಿಡುವದಿಲ್ಲ.

ಕೇಡು ಕಿವಿಗೆ ಮಾತ್ರವೆಂದು ತಿಳಿಯುವದು ತಪ್ಪು. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ನಿದ್ರಿಸುವವನು ಎಚ್ಚರಗೊಳ್ಳದಿದ್ದರೂ ಬೀದಿಯ ಗದ್ದಲಕ್ಕೆ ಅವನ ನಾಡಿಯು ತೀವ್ರವಾಗುವದು, ರಕ್ತದ ಒತ್ತಡವು ಏರುವದು. ವರ್ಷಗಟ್ಟಲೆ ಹೀಗಾದರೆ ಹೃದ್ರೋಗದ ಭಯವು ಹೆಚ್ಚುವದು. ಯುರೋಪಿನ ದೇಶಗಳಿಗಾಗಿ 2018ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರಸ್ತೆಯ ಸದ್ದು ರಾತ್ರಿಯಲ್ಲಿ 45 ಡೆಸಿಬೆಲ್ಲಿನೊಳಗಿರಬೇಕೆಂದಿತು. ಭಾರತದ 2000ದ ನಿಯಮಗಳಲ್ಲಿಯೂ ವಸತಿಯ ಕೇರಿಗಳಿಗೆ ಹಗಲು 55, ರಾತ್ರಿ 45 ಎಂದೇ ಇದೆ. ಡೆಸಿಬೆಲ್ಲಿನ ಲೆಕ್ಕವು ಅಂಗಡಿಯ ಲೆಕ್ಕದಂತಲ್ಲ: 10 ಏರಿದರೆ ಸದ್ದಿನ ಶಕ್ತಿಯು ಹತ್ತು ಪಟ್ಟಾಗುವದು. ಗಂಗೂಬಾಯಿ ಹಾನಗಲ್ಲರು ಬಾಳಿ ಹಾಡಿದ ಊರಿನಲ್ಲಿ ಕಿವಿಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ. ಆದರೂ ವಾಹನಗಳ ಕೊಂಬು ನಿಯಮಗಳನ್ನು ಓದುವದಿಲ್ಲ.

ಬೆಂಗೇರಿಯ ಸ್ವಂತ ಸದ್ದು ಬೇರೆಯದು. 1957ನೆಯ ನವೆಂಬರ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ನೆಲೆಯು ಇಲ್ಲಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೂತು ನೇಯ್ದ ಬಟ್ಟೆಯು ಇಲ್ಲಿಗೆ ಬಂದು, ಬಣ್ಣ ಪಡೆದು, ಅಶೋಕಚಕ್ರವನ್ನು ಅಚ್ಚೊತ್ತಿಸಿಕೊಂಡು ರಾಷ್ಟ್ರಧ್ವಜವಾಗುವದು. ಹೊಲಿಯುವವರು ಬಹುಮಟ್ಟಿಗೆ ಹೆಂಗಸರೇ. ಯಂತ್ರದ ಮಗ್ಗಗಳು ಸಾಲಾಗಿ ನಡೆಯುವ ಕೊಠಡಿಯಲ್ಲಿ ಸದ್ದು 90 ಡೆಸಿಬೆಲ್ಲನ್ನು ಮೀರುವದು ಸಾಮಾನ್ಯ. ಲ್ಯಾಂಕಾಶೈರದ ಗಿರಣಿಗಳಲ್ಲಿ ಹೆಂಗಸರು ತುಟಿಗಳ ಚಲನೆಯನ್ನು ನೋಡಿಯೇ ಮಾತಾಡಿಕೊಳ್ಳುವದನ್ನು ಕಲಿತಿದ್ದರು. ರಾಟೆಯ ಮುಂದೆ ಕುಳಿತವರಿಗಾದರೋ ಈ ವಿದ್ಯೆಯು ಬೇಕಾಗಲಿಲ್ಲ. ಸುಖದುಃಖಗಳನ್ನು ಆಡಿಕೊಳ್ಳುತ್ತಲೇ ನೂಲಬಹುದು. ಖಾದಿಯ ಗುಣಗಳನ್ನು ಎಣಿಸಿದವರು ಇದನ್ನು ಹೆಚ್ಚಾಗಿ ಎಣಿಸಿದಂತೆ ತೋರುವದಿಲ್ಲ.

ಹಾಗೆಂದು ನಿಶ್ಶಬ್ದವೆಲ್ಲ ಹಿತಕರವಲ್ಲ. 2021ನೆಯ ಡಿಸೆಂಬರ 30ರ ತಿದ್ದುಪಡಿಯಿಂದ ಪಾಲಿಯೆಸ್ಟರಿನ ಧ್ವಜಕ್ಕೂ ಯಂತ್ರದಲ್ಲಿ ನೇಯ್ದ ಧ್ವಜಕ್ಕೂ ಅನುಮತಿ ದೊರೆಯಿತು. ಸ್ವಾತಂತ್ರ್ಯದ 75ನೆಯ ವರ್ಷದಲ್ಲಿ, ಮನೆಮನೆಯ ಮೇಲೂ ಧ್ವಜವೇರಬೇಕೆಂದು ಕರೆ ಬಂದ 2022ರಲ್ಲಿಯೇ, ಬೇಡಿಕೆಯು ಕುಗ್ಗಿತೆಂದು ಬೆಂಗೇರಿಯ ಸಂಘದವರು ಪ್ರತಿಭಟಿಸಿದರು. ದಿನದ ಹೊಲಿಗೆಯನ್ನೇ ನಂಬಿದ ಹೆಂಗಸಿಗೆ ಯಂತ್ರವು ಸುಮ್ಮನಾದ ರಾತ್ರಿಯಲ್ಲಿ ನಿದ್ರೆಯು ಬರುವದು ಕಷ್ಟ. ಆ ನಿದ್ರಾಭಂಗವನ್ನು ಅಳೆಯಲು ಡೆಸಿಬೆಲ್ಲಿನ ಮಾಪಕವು ಸಾಲದು.